ಕಂಡವರ ಹೊಣೆ: ಜಮಖಂಡಿಯ ವಿಠ್ಠಲ ರಾಮಜಿ ಶಿಂದೆ

ಕೃಷ್ಣೆಯ ದಕ್ಷಿಣಕ್ಕೆ ಹರಡಿರುವ ಎರೆಯ ಸೀಮೆಯಲ್ಲಿ, ನಮ್ಮ ಬನಹಟ್ಟಿಯಿಂದ ಮೂಡಲಿಗೆ ಕೆಲವೇ ಹರದಾರಿಗಳಾಚೆ ಜಮಖಂಡಿ ಇದೆ. ಪಟವರ್ಧನ ಮನೆತನದ ಸಂಸ್ಥಾನಕ್ಕೆ ರಾಜಧಾನಿಯಾಗಿದ್ದ ಊರು ಅದು. ದರಬಾರಿನ ಮಾತು ಮರಾಠಿ, ಸಂತೆಯ ಮಾತು ಕನ್ನಡ. ಈ ಎರಡು ನುಡಿಗಳ ನಡುವೆ ೧೮೭೩ನೆಯ ಇಸವಿ ಏಪ್ರಿಲ್ ೨೩ರಂದು ಹುಟ್ಟಿ ಬೆಳೆದವರು ವಿಠ್ಠಲ ರಾಮಜಿ ಶಿಂದೆ. ಮಹಾರಾಷ್ಟ್ರವು ಅವರನ್ನು ಮಹರ್ಷಿ ಎಂದು ಕರೆದು ಗೌರವಿಸುತ್ತದೆ. ಅಸ್ಪೃಶ್ಯತೆಯ ನಿವಾರಣೆಗಾಗಿ ಬಾಳನ್ನು ಸವೆಸಿದವರೆಂದು ಚರಿತ್ರೆಯ ಪುಸ್ತಕಗಳು ಅವರನ್ನು ನೆನೆಯುತ್ತವೆ. ಹುಟ್ಟಿದ ನೆಲದವರಾದ ನಾವು ಮಾತ್ರ ಅವರನ್ನು ನೆರೆನಾಡಿಗೆ ಒಪ್ಪಿಸಿಕೊಟ್ಟು ಮರೆತಂತಿದ್ದೇವೆ.

ಅವರ ಬಾಳಿನಲ್ಲಿ ಅಸ್ಪೃಶ್ಯೋದ್ಧಾರದ ಹಿರಿಯ ಕಾರ್ಯದ ಜೊತೆಗೇ ಹೆಣೆದುಕೊಂಡು ಬಂದ ಇನ್ನೊಂದು ಎಳೆಯುಂಟು. ಮಗುವೊಂದು ಹಿಂಸೆಗೆ ಸಿಲುಕಿದುದನ್ನು ಕಂಡವನು ಏನು ಮಾಡಬೇಕು ಎಂಬ ಪ್ರಶ್ನೆ ಅದು. ಹೆತ್ತವರೇ ಒಪ್ಪಿ, ನೆಂಟರೇ ನೆರೆದು, ಊರೇ ವಾದ್ಯ ಊದಿಸಿ ನಡೆಸುವ ಹಿಂಸೆಯಾದರೆ ಪ್ರಶ್ನೆ ಇನ್ನೂ ಕಠಿನವಾಗುತ್ತದೆ. ಶಿಂದೆಯವರ ಜೀವಿತವನ್ನು ಈ ಒಂದು ದೃಷ್ಟಿಯಿಂದ ಅವಲೋಕಿಸುವುದು ಈ ಲೇಖನದ ಉದ್ದೇಶ.

ತಂದೆ ರಾಮಜಿಯವರು ಸಂಸ್ಥಾನದ ಸಣ್ಣ ನೌಕರಿಯಲ್ಲಿದ್ದವರು. ಪಂಢರಪುರದ ವಾರಕರಿ ಪಂಥದ ಭಕ್ತರು. ಮನೆಯಲ್ಲಿ ಭಜನೆ, ಅಭಂಗ, ಬಂದವರಿಗೆ ಊಟ. ಆ ಔದಾರ್ಯದ ಜೊತೆಗೇ ಮನೆಗೆ ಬಡತನವೂ ಬಂತು. ತಾಯಿ ಯಮುನಾಬಾಯಿ ಹೆತ್ತ ಮಕ್ಕಳು ಬಹಳ, ಉಳಿದವರು ಕೆಲವರು. ಮರಾಠಾ ಜಾತಿಯ ಮನೆಯಾದರೂ ಜಾತಿಯ ಬಿಗುವು ಅಲ್ಲಿ ಅಷ್ಟಾಗಿ ಇರಲಿಲ್ಲ. ಮನುಷ್ಯನನ್ನು ಮನುಷ್ಯನಂತೆ ಕಾಣಬೇಕೆಂಬ ಪಾಠವನ್ನು ವಿಠ್ಠಲನು ಮೊದಲು ಕಲಿತದ್ದು ಈ ಅಂಗಳದಲ್ಲಿಯೇ.

ಆದರೆ ಒಳ್ಳೆಯ ಮನೆಯೂ ಕಾಲದ ರೂಢಿಗೆ ಹೊರತಾಗಿರಲಿಲ್ಲ. ವಿಠ್ಠಲನಿಗೆ ಇನ್ನೂ ಹತ್ತು ತುಂಬುವ ಸುಮಾರಿಗೆ ಮದುವೆಯಾಯಿತು. ವಧು ರುಕ್ಮಿಣಿ ಆಗಿನ್ನೂ ಹಸುಗೂಸು. ತಂಗಿ ಜನಾಬಾಯಿಗೂ ಎಳವೆಯಲ್ಲಿಯೇ ಲಗ್ನವಾಯಿತು. ಮನೆಯವರೆಲ್ಲ ಜನಾಕ್ಕ ಎಂದು ಕರೆಯುತ್ತಿದ್ದ ಈ ಹುಡುಗಿ ಕಾಮತೆ ಎಂಬವರ ಮನೆತನವನ್ನು ಸೇರಿದಳು. ಮಕ್ಕಳಿಗೆ ಮದುವೆ ಮಾಡಿದವರಾರೂ ದುಷ್ಟರಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ದೇವರ ಹೆಸರು ಹೇಳುತ್ತಲೇ, ಮಕ್ಕಳ ಮೇಲೆ ಪ್ರೀತಿಯನ್ನು ಇಟ್ಟುಕೊಂಡೇ, ಅವರು ಹಾಗೆ ಮಾಡಿದರು. ಮಕ್ಕಳಿಗಾಗುವ ಹಿಂಸೆಯಲ್ಲಿ ಹೆಚ್ಚಿನ ಪಾಲು ರಾಕ್ಷಸರಿಂದ ಆಗುವುದಿಲ್ಲ. ಎಲ್ಲರಂತೆ ನಡೆಯುವವರಿಂದಲೇ ಆಗುತ್ತದೆ. ನೋಡುವವನ ಕಣ್ಣಿಗೆ ಮಬ್ಬು ಕವಿಯುವುದೂ ಈ ಕಾರಣದಿಂದಲೇ.

ಜನಾಕ್ಕನಿಗೆ ಅತ್ತೆಯ ಮನೆ ಸೆರೆಮನೆಯಾಯಿತು. ಅಲ್ಲಿ ಆ ಎಳೆಯ ಹುಡುಗಿ ಕಿರುಕುಳವನ್ನು ಅನುಭವಿಸಿದಳು. ಅಂದಿನ ಲೋಕನೀತಿಯಂತೆ ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಅಳುತ್ತ ತವರಿಗೆ ಬಂದವಳನ್ನು ನಾಲ್ಕು ದಿನ ಇಟ್ಟುಕೊಂಡು, ಸಮಾಧಾನ ಹೇಳಿ, ಮಡಿಲು ತುಂಬಿ ಮತ್ತೆ ಅಲ್ಲಿಗೇ ಕಳುಹಿಸುವುದು ಸಂಪ್ರದಾಯ. ಊರವರು ಅದನ್ನೇ ನಿರೀಕ್ಷಿಸುತ್ತಿದ್ದರು. ರಾಮಜಿಯವರ ಮನೆ ಇಲ್ಲಿ ರೂಢಿಯ ಹಾದಿಯನ್ನು ಬಿಟ್ಟಿತು. ಹುಡುಗಿಯನ್ನು ಮರಳಿ ಆ ಮನೆಗೆ ನೂಕಬಾರದೆಂದು ತಂದೆ-ಮಗ ಇಬ್ಬರೂ ನಿಶ್ಚಯಿಸಿದರು. ಜನಾಪವಾದಕ್ಕೆ ಅವರು ತಲೆಯೊಡ್ಡಿದರು.

ವಿಠ್ಠಲನು ಅಷ್ಟಕ್ಕೆ ನಿಲ್ಲಲಿಲ್ಲ. ೧೮೯೧ರಲ್ಲಿ ಮೆಟ್ರಿಕ್ ಮುಗಿಸಿ, ಪುಣೆಯ ಫರ್ಗ್ಯುಸನ್ ಕಾಲೇಜನ್ನು ಸೇರಿದ ಬಡ ವಿದ್ಯಾರ್ಥಿ ಅವನು. ಗಂಗಾರಾಮಭಾವು ಮ್ಹಸ್ಕೆಯವರ ಡೆಕ್ಕನ್ ಮರಾಠಾ ಶಿಕ್ಷಣ ಸಂಘದ ವಿದ್ಯಾರ್ಥಿವೇತನ, ಮುಂದೆ ಬಡೋದೆಯ ಸಯಾಜಿರಾವ್ ಗಾಯಕವಾಡ ಮಹಾರಾಜರ ನೆರವು, ಇವೇ ಅವನ ಆಧಾರ. ಈ ಹರಕು ಚಾಪೆಯ ಮೇಲೆಯೇ ತಂಗಿಗೂ ಜಾಗ ಮಾಡಿಕೊಟ್ಟನು. ಜನಾಕ್ಕನನ್ನು ಪುಣೆಗೆ ಕರೆತಂದು, ರಾನಡೆ ಮೊದಲಾದವರು ೧೮೮೪ರಲ್ಲಿ ಸ್ಥಾಪಿಸಿದ್ದ ಹುಜೂರಪಾಗೆಯ ಹೆಣ್ಣುಮಕ್ಕಳ ಶಾಲೆಗೆ ಸೇರಿಸಿದನು. ಮದುವೆಯಾದ ಹುಡುಗಿ ಗಂಡನನ್ನು ಬಿಟ್ಟು ಪುಸ್ತಕ ಹಿಡಿಯುವುದೆಂದರೆ ಅಂದು ಸಾಮಾನ್ಯವಾದ ಮಾತಲ್ಲ. ಮುಂದೆ ಇದೇ ಜನಾಬಾಯಿಯು ಅಣ್ಣನ ಸಂಸ್ಥೆಯಲ್ಲಿ ನೂರಾರು ಮಕ್ಕಳಿಗೆ ಅಕ್ಕನಾದಳು. ತನ್ನ ನೆನಪುಗಳನ್ನು ಬರೆಯುವಷ್ಟು ಅಕ್ಷರವಂತಳಾದಳು. ಹಿಂಸೆಯಿಂದ ಬಿಡಿಸಿದ ಮಗುವಿನಲ್ಲಿ ಎಂಥ ಚೇತನ ಅಡಗಿರಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಶಿಂದೆಯವರು ವಿದ್ಯಾರ್ಥಿಯಾಗಿದ್ದ ಆ ದಶಕವೂ ಇದೇ ಪ್ರಶ್ನೆಯಿಂದ ಕುದಿಯುತ್ತಿತ್ತು. ೧೮೯೦ರಲ್ಲಿ ಕಲ್ಕತ್ತೆಯಲ್ಲಿ ಹತ್ತು-ಹನ್ನೊಂದು ವರ್ಷದ ಫೂಲಮಣಿ ದಾಸಿ ಎಂಬ ಹುಡುಗಿ ಪ್ರಾಯಕ್ಕೆ ಬಂದ ಗಂಡನ ಬಲಾತ್ಕಾರದಿಂದ ಸತ್ತಳು. ಆಗಿನ ದಂಡಸಂಹಿತೆಯಲ್ಲಿ ಸಮ್ಮತಿಯ ವಯಸ್ಸು ಹತ್ತು ವರ್ಷವಷ್ಟೇ ಆಗಿತ್ತು. ಸಾವಿನ ಸುದ್ದಿ ದೇಶವನ್ನು ಕಲಕಿತು. ಬೆಹರಾಮಜಿ ಮಲಬಾರಿ ಮುಂತಾದವರು ನಡೆಸಿದ್ದ ಆಂದೋಲನಕ್ಕೆ ಬಲ ಬಂತು. ೧೮೯೧ರ ಶಾಸನವು ಆ ವಯಸ್ಸನ್ನು ಹನ್ನೆರಡಕ್ಕೆ ಏರಿಸಿತು. ಅದಕ್ಕಾಗಿ ಪುಣೆಯಲ್ಲಿ ಎದ್ದ ವಾದ-ಪ್ರತಿವಾದಗಳ ಬಿರುಗಾಳಿ ಸಣ್ಣದಲ್ಲ. ಆದರೆ ಶಾಸನ ಬಂದ ಮೇಲೆ ಅದರಡಿಯಲ್ಲಿ ನ್ಯಾಯಾಲಯವನ್ನು ಮುಟ್ಟಿದ ಪ್ರಕರಣಗಳು ಬಹು ವಿರಳ. ಕಾರಣ ಸ್ಪಷ್ಟವಾಗಿದೆ. ಅಪರಾಧವು ಮನೆಯ ಒಳಕೋಣೆಯಲ್ಲಿ ನಡೆಯುವುದು; ಮಗುವಿಗೆ ಕಚೇರಿಯ ದಾರಿ ಗೊತ್ತಿಲ್ಲ; ಮನೆಯವರು ಹೇಳುವುದಿಲ್ಲ; ಗೋಡೆಯಾಚೆ ಕೇಳಿಸಿಕೊಂಡವರು ಬಾಯಿ ತೆರೆಯುವುದಿಲ್ಲ. ಕಾಯಿದೆಗೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ಕಂಡವರು, ಕೇಳಿದವರು ತಮ್ಮ ಕಣ್ಣು-ಕಿವಿಗಳನ್ನು ಅದಕ್ಕೆ ಕೊಟ್ಟಾಗ ಮಾತ್ರ ಅದು ಎದ್ದು ನಡೆದೀತು.

ಆ ವರ್ಷಗಳಲ್ಲಿಯೇ ಹರಿ ನಾರಾಯಣ ಆಪಟೆಯವರ ಪ್ರಸಿದ್ಧ ಮರಾಠಿ ಕಾದಂಬರಿಯೊಂದು ಧಾರಾವಾಹಿಯಾಗಿ ಬರುತ್ತಿತ್ತು. ಯಮು ಎಂಬ ಹೆಣ್ಣುಮಗಳ ನೋವಿನ ಕಥೆ ಅದು. ಆದರೆ ಲಕ್ಷ್ಯ ಕೊಡುವವರು ಯಾರು ಎಂಬ ಅರ್ಥದ ಪ್ರಶ್ನೆಯನ್ನೇ ಆಪಟೆಯವರು ಅದಕ್ಕೆ ಹೆಸರಾಗಿ ಇಟ್ಟಿದ್ದರು. ಓದುಗರು ಕಣ್ಣೀರಿಟ್ಟು ಓದಿದರು. ಕಣ್ಣೀರಿಡುವುದಕ್ಕೂ ಲಕ್ಷ್ಯ ಕೊಡುವುದಕ್ಕೂ ಇರುವ ಅಂತರವನ್ನು ಅರಿತವರು ಅವರಲ್ಲಿ ಎಷ್ಟು ಮಂದಿಯೋ! ಶಿಂದೆಯವರು ಆ ಅಂತರವನ್ನು ದಾಟಿದವರ ಸಾಲಿಗೆ ಸೇರುತ್ತಾರೆ.

೧೮೯೮ರಲ್ಲಿ ಬಿ. ಎ. ಪದವಿ ಪಡೆದ ಶಿಂದೆಯವರು ಅದೇ ವರ್ಷ ಪ್ರಾರ್ಥನಾ ಸಮಾಜವನ್ನು ಸೇರಿದರು. ವಕೀಲಿಯ ಓದನ್ನು ಆರಂಭಿಸಿದ್ದರೂ ಅದು ಅವರ ಮನಸ್ಸನ್ನು ಹಿಡಿಯಲಿಲ್ಲ. ೧೯೦೧ರಲ್ಲಿ ಯೂನಿಟೇರಿಯನ್ನರ ವಿದ್ಯಾರ್ಥಿವೇತನ ದೊರೆತು, ಆಕ್ಸ್‌ಫರ್ಡಿನ ಮ್ಯಾಂಚೆಸ್ಟರ್ ಕಾಲೇಜಿಗೆ ಧರ್ಮಗಳ ತೌಲನಿಕ ಅಧ್ಯಯನಕ್ಕಾಗಿ ತೆರಳಿದರು. ೧೯೦೩ರ ಸೆಪ್ಟೆಂಬರಿನಲ್ಲಿ ಆಮ್‌ಸ್ಟರ್ಡಾಮಿನ ಉದಾರ ಧರ್ಮ ಪರಿಷತ್ತಿನಲ್ಲಿ ಪ್ರಬಂಧವನ್ನು ಓದಿ, ಆ ವರ್ಷವೇ ಸ್ವದೇಶಕ್ಕೆ ಮರಳಿದರು.

ಅವರು ಹೋಗಿದ್ದ ಇಂಗ್ಲೆಂಡಿನಲ್ಲಿ ಮಕ್ಕಳ ರಕ್ಷಣೆಯ ವಿಷಯ ಆಗಲೇ ಒಂದು ನೆಲೆಗೆ ಬಂದಿತ್ತು. ಅದರ ಮೂಲವನ್ನು ಅರಿಯಬೇಕಾದರೆ ಅಮೆರಿಕದ ನ್ಯೂಯಾರ್ಕ್ ನಗರಕ್ಕೆ ಹೋಗಬೇಕು. ಅಲ್ಲಿ ೧೮೭೪ರಲ್ಲಿ, ವಿಠ್ಠಲನು ಜಮಖಂಡಿಯಲ್ಲಿ ಇನ್ನೂ ಅಂಬೆಗಾಲಿಡುವ ಕೂಸಾಗಿದ್ದಾಗ, ಮೇರಿ ಎಲೆನ್ ಎಂಬ ಹತ್ತರ ಸುಮಾರಿನ ಹುಡುಗಿಯನ್ನು ಸಾಕುತಾಯಿಯೊಬ್ಬಳು ದಿನವೂ ಬಡಿಯುತ್ತಿದ್ದಳು. ನೆರೆಯ ಹೆಂಗಸರು ಗೋಡೆಯಾಚೆಯ ಅಳುವನ್ನು ಕೇಳಿದರು. ಬಡವರ ಕೇರಿಗಳಲ್ಲಿ ಸೇವೆ ಮಾಡುತ್ತಿದ್ದ ಎಟ್ಟಾ ವೀಲರ್ ಎಂಬ ಸಾಧ್ವಿಗೆ ಹೇಳಿದರು. ಆಕೆ ಕಣ್ಣಾರೆ ಕಂಡು ಬಂದು, ಅಧಿಕಾರಿಗಳ ಬಾಗಿಲುಗಳನ್ನು ತಟ್ಟಿದಳು, ಫಲವಾಗಲಿಲ್ಲ. ಕೊನೆಗೆ ಮೂಕಪ್ರಾಣಿಗಳ ಮೇಲಿನ ಹಿಂಸೆಯನ್ನು ತಡೆಯುವ ಸಂಘದ ಸ್ಥಾಪಕ ಹೆನ್ರಿ ಬರ್ಗ್ ಎಂಬವರ ಬಳಿಗೆ ಹೋದಳು. ಅವರ ಯತ್ನದಿಂದ ಮಗು ನ್ಯಾಯಾಲಯಕ್ಕೆ ಬಂತು; ಸಾಕುತಾಯಿಗೆ ಒಂದು ವರ್ಷದ ಸೆರೆಯಾಯಿತು. ಅದರ ಬೆನ್ನಲ್ಲಿಯೇ ಮಕ್ಕಳ ರಕ್ಷಣೆಗೆಂದು ಸಂಘವೊಂದು ಹುಟ್ಟಿತು. ಅದರ ಮಾದರಿ ೧೮೮೩ರಲ್ಲಿ ಲಿವರ್‌ಪೂಲಿಗೂ ಮರುವರ್ಷ ಲಂಡನ್ನಿಗೂ ಬಂದು, ೧೮೮೯ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಮಕ್ಕಳ ಮೇಲಿನ ಕ್ರೌರ್ಯವನ್ನು ದಂಡನೀಯವೆಂದು ಸಾರುವ ತನಕ ಬೆಳೆಯಿತು. ಇಷ್ಟೆಲ್ಲಕ್ಕೂ ಬೀಜ ಯಾವುದು? ನೆರೆಮನೆಯ ಹೆಂಗಸರು ಸುಮ್ಮನಿರಲಾರದೆ ಆಡಿದ ಒಂದು ಮಾತು. ಅವರಿಗೆ ಪುರಾವೆಗಳನ್ನು ಒಟ್ಟುಗೂಡಿಸುವ ಶಕ್ತಿಯಿರಲಿಲ್ಲ. ಶಂಕೆಯಿತ್ತು, ಅದನ್ನು ಹೇಳಬೇಕಾದವರಿಗೆ ಹೇಳಿದರು, ಅಷ್ಟೆ.

ನಮ್ಮ ದೇಶದಲ್ಲಿಯೂ ಅಂಥ ಕಣ್ಣುಳ್ಳವರು ಇಲ್ಲದಿರಲಿಲ್ಲ. ರಾಮಜಿಯವರಂಥ ವಾರಕರಿಗಳು ನಡೆದುಹೋಗುತ್ತಿದ್ದ ಅದೇ ಪಂಢರಪುರದಲ್ಲಿ, ನಿರ್ಗತಿಕ ವಿಧವೆಯರು ಲೋಕಾಪವಾದಕ್ಕೆ ಅಂಜಿ ಹಸುಗೂಸುಗಳನ್ನು ತೊರೆಯುತ್ತಿದ್ದ ಕಾಲವದು. ಅಲ್ಲಿ ನ್ಯಾಯಾಧೀಶರಾಗಿದ್ದ ಲಾಲಶಂಕರ ಉಮಿಯಾಶಂಕರರು ಈ ದಾರುಣವನ್ನು ಕಂಡು, ೧೮೭೫ರಲ್ಲಿ ಆ ಕೂಸುಗಳಿಗಾಗಿ ಆಶ್ರಮವನ್ನು ತೆರೆದರು. ಪ್ರಾರ್ಥನಾ ಸಮಾಜದವರು ಅದನ್ನು ನಡೆಸಿದರು. ಲಕ್ಷ ಜನ ವಿಠೋಬನ ದರ್ಶನಕ್ಕೆ ಬರುವ ಊರಿನಲ್ಲಿ ಮಕ್ಕಳತ್ತ ನೋಟ ಹರಿಸಿದವರು ಬೆರಳೆಣಿಕೆಯ ಜನ. ಶಿಂದೆಯವರು ಮುಂಬಯಿಯ ಪ್ರಾರ್ಥನಾ ಸಮಾಜದ ಪ್ರಚಾರಕರಾಗಿ ನಿಂತಾಗ ಅವರಿಗೆ ದೊರೆತದ್ದು ಈ ಪರಂಪರೆ.

೧೯೦೬ರ ಅಕ್ಟೋಬರ್ ೧೮ರಂದು ಅವರು ಮುಂಬಯಿಯಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ನ್ಯಾಯಮೂರ್ತಿ ನಾರಾಯಣ ಚಂದಾವರಕರರು ಅಧ್ಯಕ್ಷರು. ನಮ್ಮ ಹೊನ್ನಾವರದಲ್ಲಿ ಹುಟ್ಟಿದವರು. ಪರಳದಲ್ಲಿ ಅಸ್ಪೃಶ್ಯರೆನಿಸಿದವರ ಮಕ್ಕಳಿಗಾಗಿ ಮೊದಲ ಶಾಲೆ ಆರಂಭವಾಯಿತು. ಶಿಂದೆಯವರ ಮನೆಯವರೆಲ್ಲರೂ ಈ ಕಾರ್ಯಕ್ಕೆ ಹೆಗಲು ಕೊಟ್ಟರು. ಜನಾಕ್ಕನು ನಿರಾಶ್ರಿತರ ಸೇವಾಸದನದ ಭಾರವನ್ನು ಹೊತ್ತಳು. ಮುಂದೆ ಪುಣೆಯಲ್ಲಿ ಅಹಲ್ಯಾಶ್ರಮ ಎದ್ದಿತು, ಹುಬ್ಬಳ್ಳಿಯಲ್ಲಿ ಶಾಖೆಯಾಯಿತು, ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಅದಕ್ಕೂ ಮೊದಲೇ ನಡೆಸಿಕೊಂಡು ಬಂದಿದ್ದ ಸೇವಾಕಾರ್ಯದೊಡನೆ ಸಂಬಂಧ ಬೆಳೆಯಿತು. ಕೇರಿಯ ಮಕ್ಕಳನ್ನು ಶಾಲೆಗೆ ಕರೆಯಲು ಮನೆಮನೆಗೆ ಹೋದವನಿಗೆ ಆ ಮನೆಗಳ ನೋವೆಲ್ಲ ಕಾಣಿಸುತ್ತದೆ. ಶಿಂದೆಯವರಿಗೆ ಕಾಣಿಸಿದ ನೋವುಗಳಲ್ಲಿ ಒಂದು, ಮುರಳಿ ಬಿಡುವ ಪದ್ಧತಿ.

ಜೇಜುರಿಯ ಖಂಡೋಬನಿಗೆ ಹರಕೆ ಹೊತ್ತು ಎಳೆಯ ಹೆಣ್ಣುಮಕ್ಕಳನ್ನು ಒಪ್ಪಿಸುತ್ತಿದ್ದರು. ಭಂಡಾರ ತೂರಿ, ದೇವರೊಡನೆ ಲಗ್ನವಾಯಿತೆಂದು ಸಾರುತ್ತಿದ್ದರು. ಆ ಮೇಲೆ ಆ ಹುಡುಗಿ ಯಾರ ಹೆಂಡತಿಯೂ ಆಗುವಂತಿಲ್ಲ. ಯಾರ ಕೈಗೆ ಸಿಕ್ಕಿದರೂ ಕೇಳುವವರಿಲ್ಲ. ಈ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟುವುದೆಂದು ನಾವು ಕರೆಯುವುದು ಇದರ ಒಡಹುಟ್ಟೇ. ಭಾರತ ಹುಣ್ಣಿಮೆಗೆ ಗುಡ್ಡಕ್ಕೆ ಹೋಗುವ ಬಂಡಿಗಳು, ಹಡ್ಡಲಿಗೆ ಹೊತ್ತ ಜೋಗತಿಯರು, ಚೌಡಿಕೆಯ ನಾದ, ಇವೆಲ್ಲವುಗಳ ನಡುವೆ ಬೆಳೆದವರೇ ಜಮಖಂಡಿಯ ಮಕ್ಕಳು. ಮಕ್ಕಳನ್ನು ಹೀಗೆ ಬಿಡುತ್ತಿದ್ದವರು ಬಹುತೇಕ ಬಡವರು, ಅದರಲ್ಲಿಯೂ ಅಸ್ಪೃಶ್ಯರೆನಿಸಿದ ಕೇರಿಗಳವರು. ಅದರ ಲಾಭವನ್ನು ಉಂಡವರು ಉಳ್ಳವರು. ಮಗುವಿನ ಕೊರಳಿಗೆ ಮುತ್ತು ಬಿದ್ದ ದಿನ ಊಟಕ್ಕೆ ಕುಳಿತವರೆಲ್ಲ ಆ ಕೃತ್ಯಕ್ಕೆ ಸಾಕ್ಷಿಗಳು. ಆದರೆ ಸಾಕ್ಷಿ ಹೇಳಿದವರು ಯಾರು?

ಶಿಂದೆಯವರು ಮುರಳಿ ಪದ್ಧತಿಯ ವಿರುದ್ಧ ದನಿಯೆತ್ತಿದರು. ಅದು ದೇವರ ಸೇವೆಯಲ್ಲ, ಮಗುವಿನ ಮೇಲಿನ ಅಪರಾಧ ಎಂಬುದನ್ನು ಜನಕ್ಕೆ ತಿಳಿಸುವುದು ಅವರ ಗುರಿ. ಇದೇ ಕಾಲದಲ್ಲಿ ಪುಣೆಯ ಶಿವರಾಮ ಜಾನಬಾ ಕಾಂಬಳೆಯವರೂ ಇದೇ ಹೋರಾಟಕ್ಕೆ ಇಳಿದಿದ್ದರು. ಸ್ವತಃ ಅಸ್ಪೃಶ್ಯ ಸಮಾಜದಲ್ಲಿ ಹುಟ್ಟಿದ ಅವರು ೧೯೦೮ರಲ್ಲಿ ಸೋಮವಂಶೀಯ ಮಿತ್ರ ಎಂಬ ಪತ್ರಿಕೆಯನ್ನು ಹೊರಡಿಸಿದರು. ಮರುವರ್ಷ ಶಿವುಬಾಯಿ ಎಂಬ ಮುರಳಿಯು ತನ್ನ ಪಾಡನ್ನು ತಾನೇ ಹೇಳಿಕೊಂಡ ಪತ್ರವು ಅದರಲ್ಲಿ ಅಚ್ಚಾಯಿತು. ಬಳಿಕ ಆಕೆಗೆ ಗೌರವದ ದಾಂಪತ್ಯವೂ ದೊರೆಯಿತು. ಕೇಳುವ ಕಿವಿಯೊಂದು ಇದೆಯೆಂದು ತಿಳಿದ ಮೇಲೆ ನೊಂದ ಜೀವವು ಬಾಯಿ ತೆರೆಯುತ್ತದೆ ಎಂಬುದಕ್ಕೆ ಈ ಪ್ರಸಂಗ ಸಾಕ್ಷಿಯಾಗಿದೆ. ಆದರೆ ಶಿವುಬಾಯಿ ಬರೆದದ್ದು ದೊಡ್ಡವಳಾದ ಮೇಲೆ. ಮುತ್ತು ಕಟ್ಟಿಸಿಕೊಂಡ ಆರೇಳು ವರ್ಷದ ಹುಡುಗಿ ಪತ್ರ ಬರೆಯಲಾರಳು. ಅವಳ ಪರವಾಗಿ ಬರೆಯಬೇಕಾದವರು ಅವಳನ್ನು ಕಂಡವರೇ.

ಅಂದು ಕಾಯಿದೆ ಇರಲೇ ಇಲ್ಲವೆಂದು ಕೆಲವರು ತಿಳಿದಿದ್ದಾರೆ. ಇತ್ತು. ಹದಿನಾರು ವರ್ಷದೊಳಗಿನ ಮಗುವನ್ನು ಹಾದರದ ವೃತ್ತಿಗಾಗಿ ಮಾರುವುದನ್ನೂ ಕೊಳ್ಳುವುದನ್ನೂ ೧೮೬೦ರ ದಂಡಸಂಹಿತೆಯೇ ಅಪರಾಧವೆಂದು ಎಣಿಸಿತ್ತು. ೧೯೨೪ರಲ್ಲಿ ಆ ವಯಸ್ಸನ್ನು ಹದಿನೆಂಟಕ್ಕೆ ಏರಿಸಲಾಯಿತು. ಅದೇ ವರ್ಷ ಮುಂಬಯಿ ಪ್ರಾಂತವು ಮಕ್ಕಳ ಕಾಯಿದೆಯನ್ನೂ ಮಾಡಿತು. ಮೈಸೂರು ಸಂಸ್ಥಾನವು ೧೯೦೯ರಲ್ಲಿಯೇ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತ್ತು. ಹೀಗೆ ಅಸ್ತ್ರಗಳು ಒಂದೊಂದಾಗಿ ಸಿದ್ಧವಾಗುತ್ತ ಬಂದವು. ಎತ್ತುವ ಕೈಗಳು ಮಾತ್ರ ಇರಲಿಲ್ಲ. ದೇವರ ಕಾರ್ಯಕ್ಕೆ ಅಡ್ಡ ಬರಬಾರದು, ಪರರ ಮನೆಯ ವ್ಯವಹಾರ ನಮಗೇಕೆ, ಕೇರಿಯವರ ಪಾಡು ಕೇರಿಯವರಿಗೆ, ಇವೇ ಅಂದಿನ ಸಬೂಬುಗಳು. ಶಿಂದೆಯವರ ಜೀವನವನ್ನು ಓದುವವನಿಗೆ ಒಂದು ಸಂಗತಿ ಹೊಳೆಯುತ್ತದೆ. ಅಸ್ಪೃಶ್ಯತೆಯೂ ಮಗುವಿನ ಮೇಲಿನ ಹಿಂಸೆಯೂ ಬಾಳುವುದು ಒಂದೇ ಆಹಾರದಿಂದ. ಅದು ತಾನು ಕೈಯಾರೆ ಪಾಪ ಮಾಡಿಲ್ಲವೆಂದು ಸಮಾಧಾನಪಟ್ಟುಕೊಂಡು ಹಾದುಹೋಗುವ ಸಜ್ಜನರ ಮೌನ.

ಆ ಮೌನವನ್ನು ಒಡೆಯಲು ಶಿಂದೆಯವರು ಹಿಡಿದ ಮಾರ್ಗವು ಅವರ ಎಲ್ಲ ಕಾರ್ಯಗಳಲ್ಲಿಯೂ ಒಂದೇ. ಮೊದಲು ಸ್ವತಃ ಹೋಗಿ ನೋಡುವುದು; ಕಂಡದ್ದನ್ನು ಬರೆದಿಡುವುದು; ಬರೆದದ್ದನ್ನು ಅಧಿಕಾರವುಳ್ಳವರ ಮುಂದೆ ಇಡುವುದು; ಅವರು ಕೇಳುವ ತನಕ ಬಿಡದಿರುವುದು. ೧೯೧೭ರ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದಲ್ಲಿ ಅಸ್ಪೃಶ್ಯತೆಯ ವಿರುದ್ಧ ನಿರ್ಣಯ ಸ್ವೀಕೃತವಾದುದರ ಹಿಂದೆ ಅವರ ಇಂಥ ಪರಿಶ್ರಮವಿತ್ತು. ಮರುವರ್ಷ ಮುಂಬಯಿಯಲ್ಲಿ ನಡೆದ ಪರಿಷತ್ತಿನಲ್ಲಿ ಲೋಕಮಾನ್ಯ ತಿಲಕರು ಭಾಷಣ ಮಾಡಿದರು, ಆದರೆ ಸ್ವಂತ ಆಚರಣೆಯಲ್ಲಿ ಅಸ್ಪೃಶ್ಯತೆಯನ್ನು ಬಿಡುವ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಲಿಲ್ಲ. ವೇದಿಕೆಯ ಮಾತಿಗೂ ಸಹಿಗೂ ನಡುವೆ ಇರುವ ಕಂದಕ ಎಷ್ಟು ಆಳವೆಂಬುದನ್ನು ಶಿಂದೆಯವರು ಅಂದು ಕಂಡಿರಬೇಕು.

೧೯೨೦ರಲ್ಲಿ ಪುಣೆಯ ನಗರಸಭೆಯಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಪ್ರಶ್ನೆ ಬಂದಾಗ, ಸದ್ಯಕ್ಕೆ ಗಂಡುಮಕ್ಕಳಿಗೆ ಸಾಕು ಎಂದವರಿದ್ದರು. ರಮಾಬಾಯಿ ರಾನಡೆಯವರ ಮುಂದಾಳುತನದಲ್ಲಿ ಹೆಂಗಸರು ಬೀದಿಗಿಳಿದರು. ಶಿಂದೆಯವರು ಹೆಣ್ಣುಮಕ್ಕಳ ಪಕ್ಷವನ್ನು ಹಿಡಿದು ನಿಂತರು. ಶಾಲೆ ಅಕ್ಷರ ಕಲಿಸುವ ತಾಣ ಮಾತ್ರವೆಂದು ತಿಳಿದವರಿಗೆ ಇದರ ಮಹತ್ವ ತಿಳಿಯಲಾರದು. ದಿನವೂ ಶಾಲೆಗೆ ಬರುವ ಮಗುವನ್ನು ಮನೆಯಾಚೆಯ ಒಂದು ಜೊತೆ ಕಣ್ಣು ನೋಡುತ್ತಿರುತ್ತದೆ. ಮೈಮೇಲಿನ ಬಾಸುಂಡೆ, ಏಕಾಏಕಿ ಕವಿದ ಮೌನ, ಹೇಳದೆ ಕೇಳದೆ ತಪ್ಪಿದ ಹಾಜರಿ, ಇವು ಮೊದಲು ಗೋಚರಿಸುವುದು ಗುರುವಿಗೆ. ಶಾಲೆಯಿಲ್ಲದ ಮಗುವಿಗೆ ಸಾಕ್ಷಿಯೂ ಇಲ್ಲ.

ಕೊನೆಯ ಎರಡು ದಶಕಗಳನ್ನು ಬೇಗನೆ ಹೇಳಿ ಮುಗಿಸಬಹುದು. ತಾವೇ ಕಟ್ಟಿದ ಮಿಷನ್ನಿನ ಹೊಣೆಯನ್ನು ಶಿಂದೆಯವರು ೧೯೨೩ರಲ್ಲಿ ಬಿಟ್ಟುಕೊಟ್ಟರು. ಮರುವರ್ಷ ಮಂಗಳೂರಿನ ಬ್ರಾಹ್ಮ ಸಮಾಜದಲ್ಲಿ ಆಚಾರ್ಯರಾಗಿದ್ದರು. ಕನ್ನಡ-ಮರಾಠಿಗಳ ನಂಟನ್ನು ಕುರಿತು ವಿದ್ವತ್ಪೂರ್ಣವಾಗಿ ಬರೆದರು. ೧೯೩೦ರ ಸತ್ಯಾಗ್ರಹದಲ್ಲಿ ಯರವಡೆಯ ಸೆರೆಮನೆಯನ್ನು ಕಂಡರು. ೧೯೩೩ರಲ್ಲಿ ಭಾರತದ ಅಸ್ಪೃಶ್ಯತೆಯ ಪ್ರಶ್ನೆಯನ್ನು ಕುರಿತ ಅವರ ಗ್ರಂಥ ಪ್ರಕಟವಾಯಿತು. ಮೇಲುಜಾತಿಯವರಿಗೆ ಅವರು ಕುಲಗೇಡಿ, ಹೊಸ ತಲೆಮಾರಿನ ಅಸ್ಪೃಶ್ಯ ಮುಂದಾಳುಗಳಿಗೆ ಹೊರಗಿನವರು. ಇಂಥ ಏಕಾಂತದಲ್ಲಿ ೧೯೪೪ರ ಜನವರಿ ೨ರಂದು ಪುಣೆಯಲ್ಲಿ ಅವರ ಬಾಳು ಮುಗಿಯಿತು.

ಅವರು ಕಣ್ಮುಚ್ಚುವಾಗ ಮುಂಬಯಿ ಪ್ರಾಂತದಲ್ಲಿ ೧೯೩೪ರ ದೇವದಾಸಿ ರಕ್ಷಣಾ ಶಾಸನ ಜಾರಿಯಲ್ಲಿತ್ತು. ಆದರೆ ಬ್ರಿಟಿಷ್ ಪ್ರಾಂತದ ಕಾಯಿದೆಯು ದೇಶೀಯ ಸಂಸ್ಥಾನಗಳ ಗಡಿಯನ್ನು ತಾನಾಗಿ ದಾಟುತ್ತಿರಲಿಲ್ಲ. ಹುಟ್ಟೂರಾದ ಜಮಖಂಡಿಯು ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದು ೧೯೪೮ರಲ್ಲಿ. ಗಡಿಗಳು ಅಳಿದವು, ರೂಢಿ ಅಳಿಯಲಿಲ್ಲ. ಜಮಖಂಡಿ, ಮುಧೋಳ, ಅಥಣಿಗಳ ಸೀಮೆಯಲ್ಲಿ ಮುತ್ತು ಕಟ್ಟುವುದು ಮುಚ್ಚುಮರೆಯಲ್ಲಿ ಮುಂದುವರಿದುದರಿಂದಲೇ ಕರ್ನಾಟಕ ರಾಜ್ಯವು ೧೯೮೨ರಲ್ಲಿ ಬೇರೊಂದು ನಿಷೇಧ ಶಾಸನವನ್ನು ಮಾಡಬೇಕಾಯಿತು. ಆ ಶಾಸನದ ಒಂದು ಅಂಶ ಚಿಂತನೆಗೆ ಯೋಗ್ಯವಾಗಿದೆ. ಮುತ್ತು ಕಟ್ಟಿಸಿದ ಹೊರಗಿನವರಿಗೆ ಮೂರು ವರ್ಷದ ತನಕ ಸೆರೆಯನ್ನು ವಿಧಿಸಿದ ಅದು, ತಂದೆ-ತಾಯಿ, ಪೋಷಕರು ಅಥವಾ ನೆಂಟರೇ ಹಾಗೆ ಮಾಡಿದ್ದರೆ ಎರಡರಿಂದ ಐದು ವರ್ಷದ ಸೆರೆಯನ್ನು ವಿಧಿಸಿತು. ಮನೆಯವರೇ ಆಪಾದಿತರಾಗುವ ಅಪರಾಧವನ್ನು ಕುರಿತು ಮನೆಯೊಳಗಿನಿಂದ ದೂರು ಬರುವುದೆಂತು? ನೆರೆಯವರು, ಗುರುಗಳು, ವೈದ್ಯರು, ದಾರಿಹೋಕರು ಹೇಳದೆ ಹೋದರೆ ಅಂಥ ಶಾಸನವು ಕಾಗದದ ಹುಲಿ.

ಈಚಿನ ಕಾಯಿದೆಯು ಈ ಸತ್ಯವನ್ನು ಅರಿತುಕೊಂಡಿದೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ೨೦೧೨ರ ಶಾಸನ, ಜನರ ಬಾಯಲ್ಲಿ ಪೋಕ್ಸೊ, ಅಪರಾಧ ನಡೆದುದು ಗೊತ್ತಿರುವ ಅಥವಾ ನಡೆಯಬಹುದೆಂದು ಶಂಕಿಸುವ ಪ್ರತಿಯೊಬ್ಬರೂ ಪೊಲೀಸರಿಗೆ ತಿಳಿಸಲೇಬೇಕೆಂದು ವಿಧಿಸುತ್ತದೆ. ಅಪರಾಧ ನಡೆದುದು ಗೊತ್ತಿದ್ದೂ ತಿಳಿಸದವರಿಗೆ ಆರು ತಿಂಗಳ ತನಕ ಸೆರೆಯಾಗಬಹುದು. ಸದ್ಭಾವದಿಂದ ತಿಳಿಸಿದವರಿಗೆ, ಶಂಕೆ ಮುಂದೆ ಹುಸಿಯಾದರೂ, ಹೊಣೆಯಿಲ್ಲ. ದ್ವೇಷದಿಂದ ಸುಳ್ಳು ಹೇಳಿದವರಿಗೆ ಮಾತ್ರ ಶಿಕ್ಷೆ. ಮಗುವಿನ ಹೆಸರನ್ನು ಬಯಲು ಮಾಡುವುದೂ ಅಪರಾಧ. ಇತರ ಬಗೆಯ ಹಿಂಸೆಯಲ್ಲಿಯೂ, ಬಾಲ್ಯವಿವಾಹದಲ್ಲಿಯೂ, ಮಕ್ಕಳ ಸಹಾಯವಾಣಿಯಾದ ೧೦೯೮ ಎಂಬ ನಾಲ್ಕು ಅಂಕೆಗಳನ್ನು ಒತ್ತಿದರೆ ಸಾಕು. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೂ ವಿಷಯ ಮುಟ್ಟಿಸಬಹುದು.

ಆದರೂ ಹಿಂಜರಿಕೆ ಹೋಗಿಲ್ಲ. ನಮ್ಮ ಶಂಕೆ ತಪ್ಪಾಗಿದ್ದರೆ ಒಂದು ಮನೆತನದ ಮಾನ ಹೋದೀತೆಂಬ ಅಳುಕು ನಿಜವಾದದ್ದು. ಅದನ್ನು ಹಗುರಾಗಿ ಕಾಣಬಾರದು. ನೆಯ್ಗೆಯ ಊರುಗಳಲ್ಲಿ ಒಂದು ಗೋಡೆಯ ಎರಡು ಮಗ್ಗುಲಿಗೆ ಎರಡು ಸಂಸಾರಗಳು; ಇಂದು ದೂರು ಕೊಟ್ಟವನು ನಾಳೆ ಅದೇ ಓಣಿಯಲ್ಲಿ ತಲೆಯೆತ್ತಿ ನಡೆಯಬೇಕು. ಈ ಅಳುಕಿಗೆ ಉತ್ತರವೊಂದುಂಟು. ತಿಳಿಸುವುದೆಂದರೆ ತೀರ್ಪು ಕೊಡುವುದಲ್ಲ. ವಿಚಾರಣೆ ಮಾಡುವ ಹೊಣೆ ಬೇರೆಯವರದು. ಕಂಡವನು ತಾನೇ ಶೋಧಕ್ಕೆ ಇಳಿಯಬಾರದು, ಮಗುವನ್ನು ಕೆದಕಿ ಕೆದಕಿ ಕೇಳಬಾರದು, ಊರ ಹಿರಿಯರ ಪಂಚಾಯಿತಿ ಕೂಡಿಸಿ ಒಳಗೊಳಗೇ ಮುಗಿಸಲೂ ಬಾರದು. ಶಂಕೆ ಹುಸಿಯಾದರೆ ಒಂದು ಮನೆಯವರಿಗೆ ಕೆಲವು ದಿನಗಳ ಮುಜುಗರ. ನಿಜವಾಗಿದ್ದು ನಾವು ಸುಮ್ಮನಿದ್ದರೆ ಒಂದು ಮಗುವಿನ ಬಾಳೇ ಬಲಿ. ಈ ಎರಡನ್ನೂ ತಕ್ಕಡಿಯಲ್ಲಿ ಇಟ್ಟು ತ��ಗಿದವನಿಗೆ ದಾರಿ ತಾನೇ ತಿಳಿಯುತ್ತದೆ.

ಶಿಂದೆಯವರ ಹೆಸರಿನ ಮುಂದೆ ಮಹರ್ಷಿ ಎಂಬ ಬಿರುದು ಇರುವುದರಿಂದ ಅವರು ನಮ್ಮಂಥವರಲ್ಲವೆಂದು ಭಾವಿಸಿ ಕೈಮುಗಿದು ದೂರ ಸರಿಯುವ ಅಪಾಯವುಂಟು. ಆದರೆ ಅವರ ಮೊದಲ ಕಾರ್ಯವನ್ನು ನೆನೆಯಿರಿ. ಪರಿಷತ್ತು, ನಿರ್ಣಯ, ಆಶ್ರಮಗಳೆಲ್ಲ ಬಂದದ್ದು ಆಮೇಲೆ. ಎಲ್ಲಕ್ಕೂ ಮೊದಲು, ಇನ್ನೂ ಸ್ವಂತ ಗಳಿಕೆಯಿಲ್ಲದ ಒಬ್ಬ ತರುಣನು ತಂಗಿಯ ಮುಖವನ್ನು ನೋಡಿದನು. ಆ ಮುಖ ಹೇಳಿದ್ದನ್ನು ನಂಬಿದನು. ಊರೇನೆಂದೀತು ಎಂಬ ಲೆಕ್ಕವನ್ನು ಬದಿಗೊತ್ತಿ ಅವಳನ್ನು ಮರಳಿ ಕಳುಹಿಸಲು ಒಪ್ಪಲಿಲ್ಲ. ಅಂದು ಅವನಿಗೆ ಹೇಳಿಕೊಳ್ಳಲು ಸಹಾಯವಾಣಿಯಿರಲಿಲ್ಲ, ಸಮಿತಿಯಿರಲಿಲ್ಲ, ಬೆನ್ನಿಗೆ ನಿಲ್ಲುವ ಕಾಯಿದೆಯೂ ಇರಲಿಲ್ಲ. ಇವೆಲ್ಲ ಇರುವ ಕಾಲದಲ್ಲಿ ಬಾಳುವ ನಮ್ಮ ಹೊಣೆ ಅವನ ಹೊಣೆಗಿಂತ ಹಗುರು; ಅದನ್ನೂ ಹೊರದಿದ್ದರೆ ನಮ್ಮ ಸೀಮೆಯಲ್ಲಿ ಹುಟ್ಟಿದ ಆ ಹಿರಿಯರ ಹೆಸರನ್ನು ಹೇಳುವ ಹಕ್ಕು ನಮಗೆ ಉಳಿಯಲಾರದು.